ಬೇಲಿಸಾಲಿನ ಗೋಸುಂಬೆ ಮನೆಗೆ ಬಂದಾಗ

ಮುಂಗಾರು ಹಿಡಿದ ಮೇಲೆ ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಬೈಕ್ ಸವಾರರು ಗಕ್ಕನೆ ಬ್ರೇಕ್ ಹಾಕುವ ಸಂದರ್ಭ ಬರುತ್ತದೆ. ಡಾಂಬರಿನ ಮೇಲೆ ಗೋಸುಂಬೆಯೊಂದು ಒಂದು ಹೆಜ್ಜೆ ಮುಂದಿಟ್ಟು, ಗಾಳಿಗೆ ಅಲುಗುವ ಎಲೆಯ ಹಾಗೆ ಹಿಂದಕ್ಕೂ ಮುಂದಕ್ಕೂ ತೂಗಿ, ಮತ್ತೊಂದು ಹೆಜ್ಜೆಗೆ ಮನಸ್ಸು ಮಾಡುತ್ತಿರುತ್ತದೆ. ಗಿಡದಲ್ಲಿ ಅದರ ಜೀವ ಉಳಿಸುವ ಈ ನಡಿಗೆಯೇ ರಸ್ತೆಯಲ್ಲಿ ಜೀವ ತೆಗೆಯುತ್ತದೆ. ಕಂಡವರಲ್ಲಿ ಕೆಲವರು "ಮುಟ್ಟಬ್ಯಾಡ್ರಿ, ವಿಷ ಐತಿ" ಎಂದು ದೂರ ಸರಿಯುತ್ತಾರೆ. ಕೆಲವರು ಕಲ್ಲು ಎತ್ತಿಕೊಳ್ಳುತ್ತಾರೆ. ಇನ್ನು ಕೆಲವರು, ಹೆಚ್ಚಾಗಿ ಶಾಲೆಗೆ ಹೋಗುವ ಹುಡುಗರು, ಅದರ ಚೆಲುವಿಗೆ ಮರುಳಾಗಿ ರಟ್ಟಿನ ಡಬ್ಬಿಯಲ್ಲಿಟ್ಟು ಮನೆಗೆ ಒಯ್ಯುತ್ತಾರೆ. ಮೊದಲ ಎರಡು ಬಗೆಯವರಿಗೆ ಹೇಳಬೇಕಾದದ್ದು ಇಷ್ಟೇ: ಗೋಸುಂಬೆಗೆ ವಿಷವಿಲ್ಲ. ಹೆದರಿದಾಗ ಮೈ ಉಬ್ಬಿಸಿ, ಬಾಯಿ ತೆರೆದು ಬುಸ್ ಎನ್ನುತ್ತದೆ, ತೀರಾ ಕೆಣಕಿದರೆ ಕಚ್ಚೀತು, ಅಷ್ಟರಿಂದ ಯಾರ ಪ್ರಾಣವೂ ಹೋಗದು. ಹೆಚ್ಚು ಮಾತು ಬೇಕಿರುವುದು ಪ್ರೀತಿಯಿಂದ ಮನೆಗೆ ಒಯ್ಯುವವರ ಜೊತೆ.

ನಮ್ಮ ಹೊಲಗಳ ಗೋಸುಂಬೆ ಭಾರತದಲ್ಲಿ ಸಹಜವಾಗಿ ಬದುಕಿರುವ ಒಂದೇ ಒಂದು ಗೋಸುಂಬೆ ಜಾತಿ. ಶಾಸ್ತ್ರೀಯ ಹೆಸರು ಕೆಮಿಲಿಯೊ ಝೆಲಾನಿಕಸ್. ಶ್ರೀಲಂಕಾ ಮತ್ತು ಪಾಕಿಸ್ತಾನದಲ್ಲೂ ಇದೆ. ಬೇಲಿಗೂಟದ ಮೇಲೆ ಕೂತು ತಲೆ ಕುಣಿಸುವ, ಕಂಡೊಡನೆ ಓಡಿಹೋಗುವ ಓತಿಕ್ಯಾತವೇ ಬೇರೆ. ಗೋಸುಂಬೆ ಓಡಲಾರದು. ಬೆರಳುಗಳು ಎರಡು ಮತ್ತು ಮೂರರ ಗುಂಪಾಗಿ ಕೂಡಿಕೊಂಡು ಟೊಂಗೆಯನ್ನು ಇಕ್ಕಳದಂಥ ಹಿಡಿತದಲ್ಲಿ ಹಿಡಿಯುತ್ತವೆ, ಬಾಲ ಐದನೆಯ ಕೈಯಾಗಿ ಸುತ್ತಿಕೊಳ್ಳುತ್ತದೆ. ಆ ಅಂಗಾಂಗಗಳೆಲ್ಲ ಗಿಡಕ್ಕೆಂದೇ ಆದವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಜೀವಿಗೆ ರಕ್ಷಣೆ ಕೊಟ್ಟಿದೆ. ಹಿಡಿಯುವುದು, ಸಾಕುವುದು, ಮಾರುವುದು, ಕೊಲ್ಲುವುದು ಎಲ್ಲವೂ ಅಪರಾಧ. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲೂ ಇದರ ಹೆಸರಿದೆ. ಪ್ರಾಣಿಗಳ ಪಟ್ಟಿ ಮಾಡಿ ರಕ್ಷಿಸುವ ವಿಚಾರ ಈ ನೆಲಕ್ಕೆ ಹೊಸದಲ್ಲ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಸಿಕ್ಕ ಶಾಸನದಿಂದ ಅಶೋಕನ ಹೆಸರು ಖಚಿತವಾಯಿತು ಎಂಬುದನ್ನು ಇಲ್ಲಿನ ಮಕ್ಕಳೆಲ್ಲ ಓದಿರುತ್ತಾರೆ. ಅದೇ ಅಶೋಕ ಪಟ್ಟಕ್ಕೆ ಬಂದ 26 ವರ್ಷಗಳ ಮೇಲೆ ಉತ್ತರದ ಸ್ತಂಭಗಳಲ್ಲಿ ಬರೆಸಿದ ಇನ್ನೊಂದು ಶಾಸನದಲ್ಲಿ ಗಿಳಿ, ಬಾವಲಿ, ಆಮೆ, ಮುಳ್ಳುಹಂದಿ, ಅಳಿಲುಗಳನ್ನು ಕೊಲ್ಲಕೂಡದೆಂದು ಒಂದೊಂದೇ ಹೆಸರು ಹಿಡಿದು ಹೇಳಿದ್ದಾನೆ. ಮಸ್ಕಿಯ ಶಾಲೆಗಳಲ್ಲಿ ಆ ಪಾಠವನ್ನೂ ಸೇರಿಸಿ ಹೇಳಿದರೆ ಎಷ್ಟು ಚೆನ್ನ!

ಕಾನೂನಿನ ಮಾತು ಹಾಗಿರಲಿ. ಕಾನೂನೇ ಇರಲಿಲ್ಲವೆಂದರೂ ಗೋಸುಂಬೆ ನಮ್ಮ ಮನೆಗಳಲ್ಲಿ ಬಾಳದು. ಮೊದಲ ತೊಡಕು ನೀರಿನದು. ಬಟ್ಟಲಲ್ಲಿ ನಿಂತ ನೀರನ್ನು ಅದು ಸಾಮಾನ್ಯವಾಗಿ ನೀರೆಂದು ಗುರುತಿಸುವುದೇ ಇಲ್ಲ. ಎಲೆಯ ಮೇಲೆ ಮಿನುಗುವ ಇಬ್ಬನಿ, ಮಳೆಹನಿಗಳನ್ನು ನೆಕ್ಕಿ ಕುಡಿಯುವುದು ಅದರ ರೂಢಿ. ಹುಡುಗರು ಡಬ್ಬಿಯಲ್ಲಿ ತಟ್ಟೆ ತುಂಬ ನೀರಿಟ್ಟು, "ಕುಡಿಯಾಕ ಇಟ್ಟೀನಿ" ಎಂದು ನೆಮ್ಮದಿಯಾಗಿರುತ್ತಾರೆ. ಅದರ ಪಕ್ಕದಲ್ಲೇ ಗೋಸುಂಬೆ ಬಾಯಾರಿ ಒಣಗುತ್ತದೆ.

ಎರಡನೆಯದು ಬಿಸಿಲು. ಸೂರ್ಯನ ಅತಿನೇರಳೆ ಬಿ ಕಿರಣ ಚರ್ಮಕ್ಕೆ ತಾಗಿದರೆ ಮಾತ್ರ ಅದರ ಮೈಯಲ್ಲಿ ಡಿ3 ಜೀವಸತ್ವ ಸಾಕಷ್ಟು ತಯಾರಾಗುತ್ತದೆ. ಡಿ3 ಇಲ್ಲದಿದ್ದರೆ ತಿಂದ ಆಹಾರದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಆಗ ದೇಹ ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ಕರಗಿಸಿ ರಕ್ತಕ್ಕೆ ಕೊಡುತ್ತ ಹೋಗುತ್ತದೆ. ಕಿಟಕಿಯ ಗಾಜು ಬೆಳಕನ್ನೂ ಕಾವನ್ನೂ ಒಳಗೆ ಬಿಡುತ್ತದೆ, ಈ ಕಿರಣವನ್ನು ತಡೆಯುತ್ತದೆ. ಹಾಗಾಗಿ ಗಾಜಿನ ಪೆಟ್ಟಿಗೆಯನ್ನು ಕಿಟಕಿ ಪಕ್ಕ ಇಟ್ಟರೆ ಬಿಸಿಲು ಕಂಡಂತೆ ಕಾಣುತ್ತದೆ, ಬೇಕಾದದ್ದು ಮಾತ್ರ ಸಿಗುವುದಿಲ್ಲ. ಹಾಗೆಂದು ಅಂಗಳದ ಬಿಸಿಲಿಗೆ ಇಟ್ಟರೋ, ರಾಯಚೂರು ಸೀಮೆಯ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟುವ ಝಳಕ್ಕೆ ನೆರಳಿಲ್ಲದ ಪೆಟ್ಟಿಗೆಯೊಳಗಿನ ಜೀವ ಸ್ವಲ್ಪ ಹೊತ್ತಿಗೇ ಸತ್ತುಹೋಗುತ್ತದೆ. ಬೇವಿನ ಗಿಡದಲ್ಲಿದ್ದಾಗ ಅದು ಬೆಳಿಗ್ಗೆ ಮೈಯನ್ನು ಕಪ್ಪಾಗಿಸಿಕೊಂಡು ಬಿಸಿಲು ಕಾಯಿಸಿಕೊಳ್ಳುತ್ತದೆ, ಕಾವು ಏರಿದಾಗ ಬಣ್ಣ ತಿಳಿಯಾಗಿಸಿಕೊಂಡು ಎಲೆಯ ಮರೆಗೆ ಸರಿಯುತ್ತದೆ. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಸರಿಯುವ ಈ ಸ್ವಾತಂತ್ರ್ಯವೇ ಅದರ ಅರ್ಧ ಆರೋಗ್ಯ.

ಬಣ್ಣದ ಬಗ್ಗೆ ನಮ್ಮ ಜನರಿಗಿರುವ ತಿಳಿವಳಿಕೆಯೂ ತಿದ್ದಬೇಕಾದದ್ದೇ. ಸುತ್ತಲಿನ ಬಣ್ಣ ನೋಡಿ ಅದಕ್ಕೆ ತಕ್ಕ ವೇಷ ಹಾಕುವುದು ಅದರ ಕೆಲಸವಲ್ಲ. ಕಾವು, ಬೆಳಕು, ಭಯ, ಸಿಟ್ಟು, ಜೋಡಿಯ ಬಯಕೆ, ಇವಕ್ಕೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಚರ್ಮದ ಜೀವಕೋಶಗಳಲ್ಲಿರುವ ಗ್ವಾನಿನ್ ಎಂಬ ಸೂಕ್ಷ್ಮ ಹರಳುಗಳ ನಡುವಿನ ಅಂತರ ಬದಲಾದಾಗ ಪ್ರತಿಫಲಿಸುವ ಬೆಳಕೂ ಬದಲಾಗುತ್ತದೆಂದು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆಯಲ್ಲಿ ತೋರಿಸಿದರು. ಮೊಬೈಲ್ ಹಿಡಿದು, ಕೆಂಪು ಬಟ್ಟೆಯ ಮೇಲೆ, ಹಸಿರು ಬಟ್ಟೆಯ ಮೇಲೆ ಕೂರಿಸಿ ರೀಲ್ಸ್ ಮಾಡುವವರು ಇದನ್ನು ತಿಳಿಯಬೇಕು. ಕೈಯಿಂದ ಕೈಗೆ ಹೋಗುತ್ತಿರುವ ಗೋಸುಂಬೆ ಕಪ್ಪಾಗುತ್ತ, ಮೈಮೇಲೆ ಚುಕ್ಕೆ ಮೂಡಿಸುತ್ತ ಹೋದರೆ ಅದು ಕಂಗಾಲಾಗಿದೆ ಎಂದೇ ಅರ್ಥ. ಮನುಷ್ಯನ ಕೈಯ ಮುದ್ದು ಅದಕ್ಕೆ ಬೇಡವೇ ಬೇಡ. ಇನ್ನೊಂದು ಗೋಸುಂಬೆಯ ಜೊತೆಯನ್ನೂ ಅದು ಜೋಡಿಯ ಕಾಲ ಬಿಟ್ಟರೆ ಸಹಿಸುವುದಿಲ್ಲ.

ಅಮೆರಿಕ, ಯುರೋಪುಗಳಲ್ಲಿ ಯೆಮನ್ ಮೂಲದ ವೇಲ್ಡ್ ಗೋಸುಂಬೆ ಮತ್ತು ಪ್ಯಾಂಥರ್ ಗೋಸುಂಬೆಗಳನ್ನು ಸಂವರ್ಧನೆ ಮಾಡಿ ಮಾರುತ್ತಾರೆ. ಅಲ್ಲಿರುವ ನಮ್ಮ ಬಂಧುಗಳ ಮಕ್ಕಳು ಸಾಕಿದ್ದನ್ನು ವಿಡಿಯೊ ಕಾಲ್‌ನಲ್ಲಿ ನೋಡಿ ಇಲ್ಲಿನ ಮಕ್ಕಳಿಗೂ ಆಸೆಯಾಗುತ್ತದೆ. ಅಲ್ಲಿ ಜಾಲರಿಯ ಎತ್ತರದ ಪಂಜರ, ಅತಿನೇರಳೆ ದೀಪ, ಬಿಸಿ ದೀಪ, ಮಂಜಿನಂತೆ ನೀರು ಸಿಂಪಡಿಸುವ ಯಂತ್ರ, ಹುಳುಗಳಿಗೆ ಸವರುವ ಕ್ಯಾಲ್ಸಿಯಂ ಪುಡಿ, ಸರೀಸೃಪಗಳ ರೋಗ ಬಲ್ಲ ವೈದ್ಯರು ಎಲ್ಲ ಇದ್ದೂ ಅವು ಸುಲಭದ ಸಾಕುಪ್ರಾಣಿಗಳಲ್ಲ. ನಮ್ಮಲ್ಲೂ ಇಂಥ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಸಾಕಲಾಗದೆ ಹೊರಗೆ ಬಿಡುವುದಂತೂ ದೊಡ್ಡ ತಪ್ಪು. 1972ರಲ್ಲಿ ಹವಾಯಿಗೆ ತಂದ ಆಫ್ರಿಕಾದ ಜಾಕ್ಸನ್ ಗೋಸುಂಬೆಗಳು ಅಲ್ಲಿ ಬೇರುಬಿಟ್ಟು ಇಂದಿಗೂ ಸ್ಥಳೀಯ ಕೀಟ, ಬಸವನಹುಳುಗಳನ್ನು ತಿನ್ನುತ್ತಿವೆ.

ಇಷ್ಟಾದರೂ ಗೋಸುಂಬೆಯ ಕಾಯಿಲೆಯ ಗುರುತುಗಳನ್ನು ನಮ್ಮವರು ತಿಳಿದಿರಬೇಕು ಎನ್ನುತ್ತೇನೆ. ಬೈಕಿಗೆ ಸಿಕ್ಕು ಗಾಯಗೊಂಡದ್ದು, ನಾಯಿ ಕಚ್ಚಿದ್ದು, ಹುಡುಗರು ನಡುವಿಗೆ ದಾರ ಕಟ್ಟಿ ಎಳೆದಾಡಿದ್ದು ಕೈಗೆ ಬಂದಾಗ, ಸುಮ್ಮನೆ ಗಿಡಕ್ಕೆ ಬಿಡಬಹುದೋ ಚಿಕಿತ್ಸೆ ಬೇಕೋ ಎಂದು ನಿರ್ಧರಿಸಲು ಅದು ನೆರವಾಗುತ್ತದೆ. ಗೋಸುಂಬೆ ನೋವನ್ನು ಬಚ್ಚಿಡುವ ಪ್ರಾಣಿ. ಹದ್ದು, ಹಾವುಗಳ ಕಣ್ಣಿಗೆ ದುರ್ಬಲವಾಗಿ ಕಾಣಬಾರದೆಂದು ಕೊನೆಯವರೆಗೂ ಗಟ್ಟಿಯಾಗಿರುವಂತೆ ತೋರಿಸಿಕೊಳ್ಳುತ್ತದೆ. ನಮಗೆ ಗೊತ್ತಾಗುವ ಹೊತ್ತಿಗೆ ರೋಗ ಬಲಿತಿರುತ್ತದೆ.

ಮೊದಲು ಕಣ್ಣು ನೋಡಬೇಕು. ಒಂದು ಕಣ್ಣು ಮುಂದೆ, ಇನ್ನೊಂದು ಹಿಂದೆ ತಿರುಗಿಸುತ್ತ ಎಲ್ಲವನ್ನೂ ಗಮನಿಸುವ ಗೋಸುಂಬೆ ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಿ ಕೂತಿತೆಂದರೆ ಅದು ನಿದ್ದೆಯಲ್ಲ, ಅಪಾಯದ ಸೂಚನೆ. ಗುಳಿಬಿದ್ದ ಕಣ್ಣು ನೀರಿನ ಕೊರತೆಯದು. ಹಿಕ್ಕೆಯ ಜೊತೆ ಬೀಳುವ ಗಟ್ಟಿ ಮೂತ್ರದ ಭಾಗ ಆರೋಗ್ಯವಂತ ಪ್ರಾಣಿಯಲ್ಲಿ ಬೆಳ್ಳಗಿರುತ್ತದೆ, ನೀರು ಸಾಲದಾದಾಗ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮುಂಗಾಲು ಬಿಲ್ಲಿನ ಹಾಗೆ ಬಾಗಿದ್ದರೆ, ದವಡೆ ಮೆತ್ತಗಾಗಿದ್ದರೆ, ಟೊಂಗೆಯ ಹಿಡಿತ ತಪ್ಪಿ ಬೀಳುತ್ತಿದ್ದರೆ ಎಲುಬು ಸವೆದಿದೆ ಎಂದು ತಿಳಿಯಬೇಕು. ಬಹಳ ಕಾಲ ಕತ್ತಲ ಕೋಣೆಯಲ್ಲಿ ಸಾಕಿದ ಗೋಸುಂಬೆಯಲ್ಲಿ ಇದು ಸಾಮಾನ್ಯ. ನಾಲಿಗೆ ಗುರಿ ಮುಟ್ಟದೆ ಜೋಲುಬೀಳುವುದಕ್ಕೂ ಇದೇ ಕಾರಣ ಇದ್ದೀತು. ಮೈಯಷ್ಟೇ ಉದ್ದದ ನಾಲಿಗೆಯನ್ನು ಕಣ್ಣೆವೆ ಇಕ್ಕುವುದರೊಳಗೆ ಎಸೆದು ಮಿಡತೆ ಹಿಡಿಯುವ ಜೀವಿಗೆ ಅದು ಕೈಕೊಟ್ಟರೆ ಉಪವಾಸವೇ ಗತಿ. ಬಿಸಿಲಿನ ಝಳವಿಲ್ಲದಾಗಲೂ ಬಾಯಿ ತೆರೆದು ತಲೆ ಮೇಲಕ್ಕೆತ್ತಿ ಉಸಿರಾಡುತ್ತಿದ್ದರೆ, ಮೂಗು ಬಾಯಿಯಲ್ಲಿ ನೊರೆಗುಳ್ಳೆ ಕಂಡರೆ ಶ್ವಾಸಕೋಶಕ್ಕೆ ಸೋಂಕು ತಗುಲಿರುವ ಸಾಧ್ಯತೆ ಹೆಚ್ಚು. ವಸಡಿನ ಬಾವು, ಕೀವು, ಕೀಲುಗಳ ಊತವೂ ವೈದ್ಯರ ಕೈಗೆ ಹೋಗಬೇಕಾದ ಸಂಗತಿಗಳೇ.

ಹೊಟ್ಟೆ ತುಂಬಿಕೊಂಡು ನೆಲದ ಮೇಲೆ ಚಡಪಡಿಸುತ್ತ ಓಡಾಡುವ ಹೆಣ್ಣಿನದು ಬೇರೆಯೇ ಕಥೆ. ಅದು ತತ್ತಿ ಇಡಲು ಜಾಗ ಹುಡುಕುತ್ತಿರುತ್ತದೆ. ಗಿಡ ಬಿಟ್ಟಿಳಿದು, ಸಡಿಲ ಮಣ್ಣಿನಲ್ಲಿ ತಾನೇ ಬಿಲ ತೋಡಿ, ತತ್ತಿಯಿಟ್ಟು ಮುಚ್ಚಿ ಮತ್ತೆ ಗಿಡ ಹತ್ತುತ್ತದೆ. ಅಂಥದ್ದನ್ನು ಡಬ್ಬಿಯಲ್ಲಿಟ್ಟರೆ ತೋಡಲು ಮಣ್ಣು ಸಿಗದೆ ತತ್ತಿ ಹೊಟ್ಟೆಯಲ್ಲೇ ಉಳಿದು ತಾಯಿಯೇ ಸಾಯಬಹುದು. ಮೈಗೆ ಗಾಯವಿಲ್ಲದ ಹೆಣ್ಣು ಹೀಗೆ ಕಂಡರೆ ಮಾಡಬೇಕಾದದ್ದು ಒಂದೇ, ಅದರ ಪಾಡಿಗೆ ಬಿಡುವುದು. ರಸ್ತೆಯ ಮೇಲಿದ್ದರೆ ಒಂದು ಕೋಲು ಮುಂದೆ ಹಿಡಿದು ಅದಾಗಿ ಹತ್ತಲು ಬಿಟ್ಟು, ಹೊರಟಿದ್ದ ದಿಕ್ಕಿನ ಬೇಲಿಗೇ ಇಳಿಸಿದರೆ ಸಾಕು.

ಗಾಯಗೊಂಡದ್ದು ಸಿಕ್ಕರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು, ಇಲ್ಲವೇ ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಬೇಕು. ಅವರು ಬರುವವರೆಗೆ ಗಾಳಿಯಾಡುವಂತೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಒರಟು ಟೊಂಗೆ ಇಟ್ಟು, ನೆರಳಿನಲ್ಲಿ, ಗದ್ದಲವಿಲ್ಲದ ಕಡೆ ಇರಿಸಬೇಕು. ಟೊಂಗೆಯ ಎಲೆಗಳ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೆ ಬೇಕೆಂದಾಗ ನೆಕ್ಕಿಕೊಳ್ಳುತ್ತದೆ. ಬಾಯಿ ಬಿಡಿಸಿ ನೀರು ಹೊಯ್ಯುವುದು, ಅನ್ನ, ಹಾಲು ತಿನ್ನಿಸುವುದು, ಗಾಯಕ್ಕೆ ಅರಿಸಿನ, ಸುಣ್ಣ ಮೆತ್ತುವುದು ಬೇಡ. ಎತ್ತು, ಎಮ್ಮೆ ನೋಡಿ ಅಭ್ಯಾಸವಿರುವ ಪಶು ವೈದ್ಯರಿಗೂ ಗೋಸುಂಬೆ ಅಪರೂಪದ ರೋಗಿ. ಅವರು ಗಾಯ ತೊಳೆದು ಮೊದಲ ಉಪಚಾರ ಕೊಟ್ಟರೂ ಅದೇ ದೊಡ್ಡ ಉಪಕಾರ. ಅಲ್ಲಿಂದ ಮುಂದೆ ಎಲ್ಲಿಗೆ ಕಳಿಸಬೇಕೆಂಬುದನ್ನು ಇಲಾಖೆ ನೋಡಿಕೊಳ್ಳಲಿ.

ಊರ ಹೊರಗೆ ಇನ್ನೊಂದು ಕೆಲಸ ಬಾಕಿಯಿದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಸೀಮೆಯಾಯಿತು, ಅನ್ನ ಬೆಳೆಯಿತು, ವಲಸೆ ರೈತರ ಕ್ಯಾಂಪುಗಳು ಎದ್ದವು. ಅದರ ಜೊತೆಗೆ ಜಾಲಿ, ಬೇವು, ಬಾರಿ ಗಿಡಗಳಿದ್ದ ಬದುಗಳು ಕರಗಿ ಗದ್ದೆಗಳು ಒಂದಾದವು, ಔಷಧಿ ಹೊಡೆಯುವುದು ಹೆಚ್ಚಿತು. ಮಿಡತೆ, ನೊಣ, ಚಿಟ್ಟೆ ಇಲ್ಲದ ಕಡೆ ಗೋಸುಂಬೆಗೆ ಊಟವಿಲ್ಲ. ವಿಷ ತಗುಲಿದ ಹುಳು ತಿಂದರೆ ಅದೂ ಕಾಯಿಲೆ ಬೀಳುತ್ತದೆ. ಲಿಂಗಸುಗೂರು, ಮಸ್ಕಿ ಕಡೆಯ ಮಸಾರಿ ಹೊಲ, ಕಲ್ಲುಗುಡ್ಡಗಳ ಬುಡದಲ್ಲಿ ಇನ್ನೂ ಬೇಲಿಸಾಲು ಉಳಿದಿದೆ. ತೊಗರಿ, ಹತ್ತಿಗೆ ಬರುವ ಕೀಟಗಳಲ್ಲಿ ಒಂದಿಷ್ಟನ್ನು ಕೂಲಿ ಕೇಳದೆ ತಿನ್ನುವ ಪ್ರಾಣಿಯನ್ನು ರೈತರು ತಮ್ಮದೆಂದೇ ತಿಳಿಯಲಿ. ಬದುವಿನ ಗಿಡಗಂಟಿಗೆ ಬೆಂಕಿ ಹಚ್ಚುವ ಮೊದಲು, ಜೆಸಿಬಿ ತರಿಸುವ ಮೊದಲು ಟೊಂಗೆಗಳನ್ನೊಮ್ಮೆ ನೋಡಲಿ. ಎಲ್ಲ ಬದುಗಳನ್ನೂ ಒಂದೇ ವರ್ಷ ಸವರದೆ ಒಂದು ಸಾಲನ್ನಾದರೂ ಉಳಿಸಲಿ. ಮಳೆಗಾಲದ ಕೊನೆಗೆ ತತ್ತಿ ಇಟ್ಟ ಮಣ್ಣು ಮುಂದಿನ ಮಳೆ ಬರುವವರೆಗೆ ಅಗೆತಕ್ಕೆ ಸಿಗದೆ ಉಳಿದರೆ ಅಲ್ಲಿಂದಲೇ ಮರಿಗಳು ಎದ್ದು ಗಿಡ ಹತ್ತುತ್ತವೆ.