ಮಣ್ಣಿನ ಪಾರಿವಾಳದ ಬೇಟೆ

'ಮಣ್ಣಿನ ಪಾರಿವಾಳ'ವೆಂದೊಡನೆ ವಾಚಕರಿಗೆ ಕುಂಬಾರನ ಮನೆಯ ಬೊಂಬೆಯು ನೆನಪಿಗೆ ಬರಬಹುದು. ನಾವು ಇಲ್ಲಿ ಪರಿಚಯಮಾಡಿಕೊಡಲಿರುವ ವಸ್ತುವು ಪಾರಿವಾಳವೂ ಅಲ್ಲ, ಈಗ ಮಣ್ಣಿನದೂ ಅಲ್ಲ. ಅದು ಬೋರಲು ಹಾಕಿದ ತಟ್ಟೆಯಂತಹ ಒಂದು ಬಿಲ್ಲೆ; ಅಡ್ಡಳತೆ ೧೧೦ ಮಿಲಿಮೀಟರು, ತೂಕ ಸುಮಾರು ೧೦೫ ಗ್ರಾಂ. ಸುಣ್ಣಕಲ್ಲಿನ ಪುಡಿಯನ್ನು ಟಾರಿನಂತಹ ಕರಿಯ ಅಂಟಿನೊಡನೆ ಬೆರಸಿ, ಅಚ್ಚಿನಲ್ಲೊತ್ತಿ ಇದನ್ನು ತಯಾರಿಸುವರು. ಯಂತ್ರವೊಂದು ಇದನ್ನು ಆಕಾಶಕ್ಕೆ ಎಸೆಯುವುದು. ಇದು ನೆಲವನ್ನು ಮುಟ್ಟುವುದರೊಳಗೆ ಆಟಗಾರನು ಬಂದೂಕಿನಿಂದ ಒಡೆಯಬೇಕು. ಆಟವೆಂದರೆ ಇಷ್ಟೇ. ಆದರೆ ಈ ಬಿಲ್ಲೆಗೆ ಹಕ್ಕಿಯ ಹೆಸರು ಬಂದುದು ಹೇಗೆಂಬುದು ತಿಳಿಯತಕ್ಕ ವಿಷಯವಾಗಿದೆ.

ಹದಿನೆಂಟನೆಯ ಶತಮಾನದ ಕೊನೆಯ ಭಾಗದಿಂದ ಇಂಗ್ಲೆಂಡಿನಲ್ಲಿ ಜೀವಂತ ಪಾರಿವಾಳಗಳನ್ನೇ ಗುರಿಯಾಗಿಟ್ಟು ಪಂದ್ಯ ಕಟ್ಟುವ ವಿನೋದವು ಬೆಳೆದಿತ್ತು. ಹಕ್ಕಿಯನ್ನು ಪೆಟ್ಟಿಗೆಯಲ್ಲಿಟ್ಟು, ಬೇಟೆಗಾರನು 'ಎಳೆ' ಎಂದು ಕೂಗಿದೊಡನೆ ಆಳೊಬ್ಬನು ಹಗ್ಗವನ್ನೆಳೆದು ಅದನ್ನು ಬಿಡುತ್ತಿದ್ದನು. ಸೆರೆಯಿಂದ ಬಿಡುಗಡೆಯಾಯಿತೆಂದು ರೆಕ್ಕೆ ಬಿಚ್ಚುವ ಕ್ಷಣವೇ ಅದಕ್ಕೆ ಕೊನೆಯ ಕ್ಷಣ. ಇದನ್ನು ಪೌರುಷವೆಂದು ಎಣಿಸಿದ್ದರೆಂಬುದು ನಮಗೆ ಆಶ್ಚರ್ಯಕರವಾಗಿದೆ. ೧೯೦೦ನೆಯ ಇಸವಿಯಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ ಕೂಟದ ಸಮಯದಲ್ಲಿ ಕೂಡ ಇಂತಹ ಪಂದ್ಯವು ನಡೆಯಿತು. ಬೆಲ್ಜಿಯಂ ದೇಶದ ಲಿಯೋನ್ ದ ಲುಂಡೆನ್ ಎಂಬವನು ೨೧ ಹಕ್ಕಿಗಳನ್ನು ಕೊಂದು ಗೆದ್ದನು. ಸೆರೆಹಿಡಿದ ಹಕ್ಕಿಗಳನ್ನು ಬಿಟ್ಟು ಹೊಡೆಯುವುದನ್ನು ಬ್ರಿಟನ್ನಿನಲ್ಲಿ ೧೯೨೧ರ ಶಾಸನವು ನಿಲ್ಲಿಸಿತು.

ಅದಕ್ಕೆ ಬಹಳ ಮುಂಚೆಯೇ ಅಮೆರಿಕೆಯಲ್ಲಿ ಹಕ್ಕಿಗೆ ಬದಲು ಗಾಜಿನ ಉಂಡೆಗಳನ್ನು ಎಸೆದು ಹೊಡೆಯುವುದು ರೂಢಿಗೆ ಬಂದಿತ್ತು. ಹೊಲದ ತುಂಬ ಗಾಜಿನ ಚೂರುಗಳು ಉಳಿದುದೇ ಅದರ ಫಲ. ೧೮೮೦ರಲ್ಲಿ ಸಿನ್‌ಸಿನಾಟಿ ನಗರದ ಜಾರ್ಜ್ ಲಿಗೋವ್ಸ್ಕಿ ಎಂಬವರು ಸುಟ್ಟ ಮಣ್ಣಿನ ಬಿಲ್ಲೆಗೆ ಪೇಟೆಂಟು ಪಡೆದರು. ಹುಡುಗರು ನೀರಿನ ಮೇಲೆ ಚಪ್ಪಟೆ ಚಿಪ್ಪುಗಳನ್ನು ಕುಪ್ಪಳಿಸುವಂತೆ ಎಸೆಯುತ್ತಿದ್ದುದನ್ನು ಕಂಡು ಅವರಿಗೆ ಈ ಯುಕ್ತಿ ಹೊಳೆಯಿತೆಂದು ಹೇಳುವರು. ಮೊದಲಿನ ಬಿಲ್ಲೆಗಳು ಗಟ್ಟಿಯಾಗಿದ್ದು, ಏಟು ತಗುಲಿದರೂ ಕೆಲವೊಮ್ಮೆ ಒಡೆಯುತ್ತಿರಲಿಲ್ಲ. ಆದುದರಿಂದಲೇ ಮಣ್ಣು ಹೋಗಿ ಸುಣ್ಣಕಲ್ಲು ಬಂದಿತು. ಹೆಸರು ಮಾತ್ರ ಹೋಗಲಿಲ್ಲ. ಇಂದಿಗೂ ಬಿಲ್ಲೆಯನ್ನು 'ಹಕ್ಕಿ'ಯೆಂದೇ ಕರೆಯುವರು. ಯಂತ್ರದಿಂದ ಒಡೆದೇ ಹೊರಬಂದರೆ 'ಹಕ್ಕಿಯಿಲ್ಲ' ಎಂದು ಇಂಗ್ಲೆಂಡಿನ ಪಂಚರು ಕೂಗುವರು. 'ಎಳೆ' ಎಂಬ ಕೂಗೂ ಉಳಿದಿದೆ, ಎಳೆಯುವ ಆಳು ಮಾತ್ರ ಇಲ್ಲ. ದೊಡ್ಡ ಪಂದ್ಯಗಳಲ್ಲಿ ಧ್ವನಿಯನ್ನು ಕೇಳಿ ಯಂತ್ರವು ತಾನಾಗಿಯೇ ಬಿಲ್ಲೆಯನ್ನು ಹಾರಿಸುವುದು.

ಕೈಲ್ ಮುಹೂರ್ತದ ಕಾಲದಲ್ಲಿ ಕೊಡಗಿನಲ್ಲಿ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯವನ್ನು ನಮ್ಮ ವಾಚಕರಲ್ಲಿ ಕೆಲವರು ನೋಡಿರಬಹುದು. ಅಲ್ಲಿ ಗುರಿಯು ನಿಂತಿರುವುದು. ಇಲ್ಲಿ ಅದು ಓಡುವುದು. ಬಿಲ್ಲೆಯು ಇರುವಲ್ಲಿಗೆ ಹೊಡೆದರೆ ಏಟು ಹಿಂದೆಯೇ ಉಳಿಯುವುದು. ಅಡ್ಡಲಾಗಿ ಹಾರುವ ಬಿಲ್ಲೆಯ ಮುಂದೆ ಎಷ್ಟು ಅಂತರ ಬಿಡಬೇಕೆಂಬುದನ್ನು ಕಣ್ಣೂ ಕೈಯೂ ಕೂಡಿ ನಿರ್ಣಯಿಸಬೇಕು, ಮತ್ತು ಹೊಡೆಯುವಾಗಲೂ ಬಂದೂಕು ಬಿಲ್ಲೆಯೊಡನೆ ಚಲಿಸುತ್ತಲೇ ಇರಬೇಕು. ತೋಟಾದಲ್ಲಿ ಒಂಟಿ ಗುಂಡಿಗೆ ಬದಲು ೨೪ ಗ್ರಾಂ ತೂಕದ ಸಣ್ಣ ಚರೆಗಳಿದ್ದು, ಅವು ಹರಡಿಕೊಂಡು ಹೋಗುವುವು. ಬಿಲ್ಲೆಯಿಂದ ಕಣ್ಣಿಗೆ ಕಾಣುವ ಒಂದು ಚೂರು ಹಾರಿದರೂ ಸಾಕು, ಅಂಕ ದೊರೆಯುವುದು.

'ಟ್ರ್ಯಾಪ್' ಎಂಬ ಬಗೆಯಲ್ಲಿ ಬಿಲ್ಲೆಯು ಆಟಗಾರನ ಮುಂದಿನ ಹಳ್ಳದಿಂದ ಹೊರಟು ಅವನಿಂದ ದೂರಕ್ಕೆ ಹಾರುವುದು. ಪ್ರತಿಯೊಂದು ಸ್ಥಾನದ ಮುಂದೆ ಮೂರು ಯಂತ್ರಗಳಿದ್ದು, ಯಾವುದು ಎಸೆಯುವುದೆಂದು ಅವನಿಗೆ ತಿಳಿಯದು. 'ಸ್ಕೀಟ್' ಎಂಬುದರಲ್ಲಿ ಎರಡು ಗೂಡುಗಳಿಂದ ಬಿಲ್ಲೆಗಳು ಅಡ್ಡಹಾಯುವುವು. ಆಟಗಾರರು ಎಂಟು ಸ್ಥಾನಗಳಿಂದ ಹೊಡೆಯುವರು. ಇದು ಅಮೆರಿಕೆಯ ಮ್ಯಾಸಚೂಸೆಟ್ಸ್ ಸೀಮೆಯಲ್ಲಿ ಪೂರ್ಣವೃತ್ತವಾಗಿ ಹುಟ್ಟಿತು. ಪಕ್ಕದ ಜಮೀನಿನಲ್ಲಿ ಕೋಳಿ ಸಾಕುವವರೊಬ್ಬರು ನೆಲೆಸಲು, ಚರೆಗಳು ಅತ್ತ ಬೀಳಬಾರದೆಂದು ವೃತ್ತವನ್ನು ಅರ್ಧಕ್ಕೆ ಇಳಿಸಿದರಂತೆ. ಕೋಳಿಗಳು ಆಟದ ನಿಯಮವನ್ನೇ ತಿದ್ದಿದ ಇನ್ನೊಂದು ನಿದರ್ಶನವನ್ನು ನಾವು ಕಾಣೆವು.

ಒಂದು ಸುತ್ತಿಗೆ ೨೫ ಬಿಲ್ಲೆಗಳು. ಬಿಲ್ಲೆಯೂ ತೋಟಾವೂ ಒಮ್ಮೆ ಬಳಸಿದರೆ ಮುಗಿದುವಾದ್ದರಿಂದ ಖರ್ಚಿನ ಲೆಕ್ಕವನ್ನು ಗೃಹಸ್ಥರೇ ಹಾಕಿಕೊಳ್ಳಬಹುದು. ಇದರ ಮೇಲೆ ನಮ್ಮ ದೇಶದಲ್ಲಿ ಬಂದೂಕಿಗೆ ಪರವಾನಗಿಯೂ ಬೇಕು. ಬಿಕಾನೇರಿನ ಮಹಾರಾಜ ಕರಣಿ ಸಿಂಗರು ೧೯೬೨ರಲ್ಲಿ ಕೈರೋ ನಗರದ ವಿಶ್ವಪಂದ್ಯದಲ್ಲಿ ರಜತಪದಕವನ್ನು ಗಳಿಸಿದುದನ್ನು ನೋಡಿ, ಇದು ಅರಸರ ಆಟವೆಂದು ಜನರು ತಿಳಿದರೆ ತಪ್ಪೇನು? ಆದರೆ ೨೦೦೪ರಲ್ಲಿ ಅಥೆನ್ಸ್ ಒಲಿಂಪಿಕ್ಕಿನಲ್ಲಿ ಜೋಡಿ ಬಿಲ್ಲೆಗಳ ಪಂದ್ಯದಲ್ಲಿ ರಜತಪದಕವನ್ನು ತಂದ ರಾಜ್ಯವರ್ಧನ ಸಿಂಗ್ ರಾಠೋಡರು ಸೈನ್ಯದ ಅಧಿಕಾರಿಗಳಾಗಿದ್ದರು.

ಸ್ತ್ರೀಯರಿಗೆ ಇದು ಸಲ್ಲದೆಂಬ ಮಾತಿಗೆ ಚೀನಾದ ಜಾಂಗ್ ಶಾನ್ ಎಂಬ ತರುಣಿಯು ಉತ್ತರವಿತ್ತಳು. ೧೯೯೨ರಲ್ಲಿ ಬಾರ್ಸಿಲೋನಾದ ಸ್ಕೀಟ್ ಪಂದ್ಯದಲ್ಲಿ ಗಂಡಸರೊಡನೆ ಸ್ಪರ್ಧಿಸಿ, ಅಂತಿಮ ಸುತ್ತಿಗೆ ಮೊದಲು ೨೦೦ಕ್ಕೆ ೨೦೦ ಬಿಲ್ಲೆಗಳನ್ನೂ ಒಡೆದು, ಸ್ವರ್ಣಪದಕವನ್ನು ಪಡೆದಳು. ಮುಂದಿನ ಒಲಿಂಪಿಕ್ಕಿನಲ್ಲಿ ಆ ಪಂದ್ಯವು ಗಂಡಸರಿಗೆ ಮಾತ್ರ ಮೀಸಲಾಯಿತು! ಸ್ತ್ರೀಯರಿಗೆ ಪ್ರತ್ಯೇಕ ಸ್ಕೀಟ್ ಪಂದ್ಯವು ದೊರೆತುದು ೨೦೦೦ದಲ್ಲಿ.

ಹಕ್ಕಿಗಳ ವಿಷಯವೂ ಇನ್ನೂ ತೀರಿಲ್ಲ. ಚರೆಗಳು ಸಾಮಾನ್ಯವಾಗಿ ಸೀಸದವು. ವರ್ಷಗಟ್ಟಲೆ ಒಂದೇ ಬಯಲಿನಲ್ಲಿ ಬೀಳುವುವು. ಬಾತು ಮೊದಲಾದ ಪಕ್ಷಿಗಳು ಆಹಾರವನ್ನು ಅರೆಯಲು ಸಣ್ಣ ಕಲ್ಲುಗಳನ್ನು ನುಂಗುವುದುಂಟು. ಕಲ್ಲೆಂದು ಚರೆಯನ್ನು ನುಂಗಿದರೆ ಸೀಸದ ವಿಷವೇರಿ ಸಾಯುವುವು. ಬಂದೂಕಿನೆದುರಿನಿಂದ ಬಿಡುಗಡೆ ಹೊಂದಿದ ಹಕ್ಕಿಯು ಹೀಗೆ ಬಂದೂಕಿನಿಂದಲೇ ಸಾಯಬಹುದಾಗಿದೆ. ಯೂರೋಪಿನ ಒಕ್ಕೂಟದ ದೇಶಗಳಲ್ಲಿ ೨೦೨೩ರಿಂದ ಜೌಗುನೆಲಗಳಲ್ಲಿಯೂ ಅವುಗಳ ಸಮೀಪದಲ್ಲಿಯೂ ಸೀಸದ ಚರೆಯನ್ನು ಹಾರಿಸಕೂಡದು. ಉಕ್ಕಿನ ಚರೆಯೇನೋ ಸಿಕ್ಕುವುದು. ಅದು ಸೀಸಕ್ಕಿಂತ ಹಗುರವಾಗಿ ಬೇಗ ವೇಗಗುಂದುವುದರಿಂದ ಪಂದ್ಯದ ಆಟಗಾರರಲ್ಲಿ ಅನೇಕರಿಗೆ ಅದು ರುಚಿಸದು.