ಹರಾಜೋತ್ತರ ಖಾಸಗಿ ಮಾರಾಟ

ಹರಾಜೋತ್ತರ ಖಾಸಗಿ ಮಾರಾಟ ಎಂದರೆ ಹರಾಜಿಗೆ ಇಟ್ಟ ಸ್ವತ್ತು ಅಥವಾ ವಸ್ತು ಬಿಕರಿಯಾಗದೆ ಉಳಿದಾಗ, ಆಸಕ್ತಿ ತೋರಿದ ಖರೀದಿದಾರನೊಡನೆ ನೇರವಾಗಿ ಮಾತುಕತೆ ನಡೆಸಿ ಬೆಲೆಯನ್ನು ಗೊತ್ತುಪಡಿಸುವ ಕ್ರಮ. ಅಂತರಜಾಲದ ಹರಾಜು ತಾಣಗಳಲ್ಲಿ, ಕಲಾಕೃತಿಗಳನ್ನು ಮಾರುವ ಹರಾಜು ಸಂಸ್ಥೆಗಳಲ್ಲಿ ಹಾಗೂ ಬ್ಯಾಂಕುಗಳು ಅಡಮಾನದ ಸ್ವತ್ತುಗಳಿಗಾಗಿ ನಡೆಸುವ ಇ-ಹರಾಜುಗಳಲ್ಲಿ ಇದು ಬಳಕೆಯಲ್ಲಿದೆ. ಸಾಮಾನ್ಯವಾಗಿ ಇಂತಹ ಮಾತುಕತೆ ಕೊಳ್ಳುವವನ ಮತ್ತು ಮಾರುವವನ ನಡುವಿನದು. ಆದರೆ ಬ್ಯಾಂಕಿನ ಮಾರಾಟದಲ್ಲಿ ಮೂರನೆಯವನೂ ಇರುತ್ತಾನೆ. ಅವನೇ ಸ್ವತ್ತನ್ನು ಕಳೆದುಕೊಳ್ಳುತ್ತಿರುವ ಸಾಲಗಾರ. ಒಪ್ಪಿದ ಬೆಲೆ ಇಳಿದಷ್ಟೂ ಅವನ ಹೆಸರಿನಲ್ಲಿ ಉಳಿಯುವ ಬಾಕಿ ಹೆಚ್ಚುತ್ತದೆ.

ಹರಾಜು ವಿಫಲವಾಗುವ ಬಗೆ

ಹರಾಜು ಎರಡು ರೀತಿಯಲ್ಲಿ ವಿಫಲವಾಗುತ್ತದೆ. ಒಬ್ಬರೂ ಬಿಡ್ ಸಲ್ಲಿಸದಿರುವುದು ಒಂದು. ಸಲ್ಲಿಕೆಯಾದ ಅತ್ಯಧಿಕ ಬಿಡ್ ಮೀಸಲು ಬೆಲೆಯನ್ನು ಮುಟ್ಟದಿರುವುದು ಇನ್ನೊಂದು. ಮೀಸಲು ಬೆಲೆ ಎಂದರೆ ಮಾರಾಟಗಾರನು ಅದಕ್ಕಿಂತ ಕಡಿಮೆಗೆ ಕೊಡಲು ಬದ್ಧನಲ್ಲದ ಮೊತ್ತ. ಕೆಲವು ತಾಣಗಳಲ್ಲಿ ಇದು ಗುಟ್ಟಾಗಿರುತ್ತದೆ. ಭಾರತದ ಬ್ಯಾಂಕ್ ಹರಾಜುಗಳಲ್ಲಿ ಪ್ರಕಟಣೆಯಲ್ಲಿಯೇ ಅಚ್ಚಾಗಿರುತ್ತದೆ. ಈ ವ್ಯತ್ಯಾಸ ಮುಂದಿನ ಮಾತುಕತೆಯ ದಿಕ್ಕನ್ನೇ ಬದಲಿಸುತ್ತದೆ. ಮೀಸಲು ಬೆಲೆ ಬಹಿರಂಗವಾಗಿದ್ದು ಯಾರೂ ಬಾರದಿದ್ದರೆ, ಆ ಬೆಲೆಗೆ ಗಿರಾಕಿಯಿಲ್ಲ ಎಂಬುದು ಊರಿಗೆಲ್ಲ ತಿಳಿದ ಸಂಗತಿಯಾಗುತ್ತದೆ.

ಒಮ್ಮೆ ಹರಾಜಿನಲ್ಲಿ ಉಳಿದುಹೋದ ವಸ್ತುವಿಗೆ ಮುಂದೆ ಬೆಲೆ ಕಡಿಮೆ ಎಂಬ ನಂಬಿಕೆ ಕಲಾ ವ್ಯಾಪಾರದಲ್ಲಿ ಹಳೆಯದು. ಅರ್ಥಶಾಸ್ತ್ರಜ್ಞರಾದ ಅಲನ್ ಬೆಗ್ಸ್ ಮತ್ತು ಕ್ಯಾಥರಿನ್ ಗ್ರ್ಯಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಪುಷ್ಟೀಕರಿಸಿತು: ಹರಾಜಿನಲ್ಲಿ ಮೀಸಲು ಬೆಲೆ ಮುಟ್ಟದೆ ಮರಳಿದ ವರ್ಣಚಿತ್ರಗಳು ಕೊನೆಗೆ ಮಾರಾಟವಾದಾಗ ಇತರ ಚಿತ್ರಗಳಿಗಿಂತ ಗಣನೀಯವಾಗಿ ಕಡಿಮೆ ಪ್ರತಿಫಲ ತಂದಿದ್ದವು. ಇದಕ್ಕೆ ಹರಾಜಿನ ಸೋಲೇ ಕಾರಣವೋ, ಅಭಿರುಚಿಯ ಬದಲಾವಣೆ ಅಥವಾ ಮಾರಾಟಗಾರನೇ ಮೀಸಲನ್ನು ಇಳಿಸಿದ್ದು ಕಾರಣವೋ ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ.

ಮಾತುಕತೆಯ ಸ್ವರೂಪ

ಬೆಲೆಯನ್ನು ಮೊದಲು ನುಡಿದವನು ಸೋತ ಎಂಬುದು ಸಂತೆಯ ಚೌಕಾಸಿಯಲ್ಲಿ ಕೇಳಿಬರುವ ಮಾತು. ವಿಫಲ ಹರಾಜಿನ ನಂತರ ಅದಕ್ಕೆ ಅರ್ಥವಿರುವುದಿಲ್ಲ, ಏಕೆಂದರೆ ಇಬ್ಬರೂ ಈಗಾಗಲೇ ಒಂದಿಷ್ಟು ನುಡಿದಾಗಿರುತ್ತದೆ. ಬಿಡ್ ಸಲ್ಲಿಸಿದವನು ತಾನು ಎಲ್ಲಿಯವರೆಗೆ ಬರಬಲ್ಲೆನೆಂಬುದರ ಒಂದು ಕೆಳಮಿತಿಯನ್ನು ತೋರಿಸಿರುತ್ತಾನೆ. ಆ ಮೊತ್ತಕ್ಕಿಂತ ಕೆಳಗಿನಿಂದ ಮಾತು ಆರಂಭಿಸುವುದು ಅವನಿಗೆ ಕಷ್ಟ. ಬಿಡ್ ಸಲ್ಲಿಸದೆ ಹೊರಗೆ ಕಾದಿದ್ದು ನಂತರ ಬಂದವನಿಗೆ ಈ ಕಟ್ಟು ಇಲ್ಲ. ಆದ್ದರಿಂದಲೇ ಬೇರೆ ಪೈಪೋಟಿಗಾರರಿಲ್ಲವೆಂದು ಊಹಿಸಬಲ್ಲ ಖರೀದಿದಾರರು ಹರಾಜನ್ನು ತಪ್ಪಿಸಿಕೊಂಡು ಅದರ ನಂತರ ಬರುವುದುಂಟು.

ಮಾರಾಟಗಾರನ ಬಲ ಒಂದೇ: ಸ್ವತ್ತನ್ನು ಮತ್ತೆ ಹರಾಜಿಗೆ ಇಡುವ ಸಾಧ್ಯತೆ. ಜೆರೆಮಿ ಬುಲೋ ಮತ್ತು ಪಾಲ್ ಕ್ಲೆಂಪರರ್ 1996ರಲ್ಲಿ ತೋರಿಸಿದಂತೆ, ಕೆಲವು ಸಹಜ ಊಹೆಗಳ ಅಡಿಯಲ್ಲಿ, ಹರಾಜಿಗೆ ಹೆಚ್ಚುವರಿಯಾಗಿ ಬರುವ ಒಬ್ಬ ಗಂಭೀರ ಬಿಡ್ಡುದಾರನು ಮಾರಾಟಗಾರನಿಗೆ ಎಂತಹ ಚತುರ ಮಾತುಕತೆಗಿಂತಲೂ ಹೆಚ್ಚು ಲಾಭ ತರುತ್ತಾನೆ. ಆದರೆ ಮರುಹರಾಜಿಗೆ ಕಾಲ ಬೇಕು. ಆ ಕಾಲದಲ್ಲಿ ಬಡ್ಡಿ, ಕಾವಲು, ತೆರಿಗೆ ಬೆಳೆಯುತ್ತವೆ. ಖರೀದಿದಾರನು ಲೆಕ್ಕ ಹಾಕುವುದು ಇದನ್ನೇ.

ಅಂತರಜಾಲ ತಾಣಗಳಲ್ಲಿ

1995ರಲ್ಲಿ ಆರಂಭವಾದ ಇಬೇ ತಾಣದಲ್ಲಿ ಇದಕ್ಕೆ 'ಸೆಕೆಂಡ್ ಚಾನ್ಸ್ ಆಫರ್' ಎಂಬ ವ್ಯವಸ್ಥೆ ಇದೆ. ಮೀಸಲು ಬೆಲೆ ಮುಟ್ಟದಿದ್ದಾಗ ಅಥವಾ ಗೆದ್ದವನು ಹಣ ಕಟ್ಟದಿದ್ದಾಗ, ಹರಾಜು ಮುಗಿದ 60 ದಿನಗಳೊಳಗೆ ಮಾರಾಟಗಾರನು ಇತರ ಬಿಡ್ಡುದಾರರಿಗೆ ಪ್ರಸ್ತಾವ ಕಳಿಸಬಹುದು. ಬೆಲೆ ಆಯಾ ಬಿಡ್ಡುದಾರನು ತಾನೇ ಕೂಗಿದ ಗರಿಷ್ಠ ಮೊತ್ತವಾಗಿರುತ್ತದೆ. ಹೀಗಾಗಿ ಇಲ್ಲಿ ಚೌಕಾಸಿಗೆ ಎಡೆಯಿಲ್ಲ. ತಾಣದ ಹೊರಗೆ ವ್ಯವಹಾರ ಕುದುರಿಸುವುದಕ್ಕೆ ನಿಷೇಧವಿದೆ. ಶುಲ್ಕ ಉಳಿಸಲೆಂದು ಹಾಗೆ ಮಾಡುವ ಖರೀದಿದಾರನಿಗೆ ಹಣ ಹಿಂದಿರುಗಿಸುವ ತಾಣದ ರಕ್ಷಣೆ ದೊರೆಯುವುದಿಲ್ಲ. ಸೋತ ಬಿಡ್ಡುದಾರರಿಗೆ ಮಾರಾಟಗಾರರ ಹೆಸರಿನಲ್ಲಿ ನಕಲಿ ಪ್ರಸ್ತಾವ ಕಳಿಸಿ ಹಣ ಲಪಟಾಯಿಸುವುದು ಅಂತರಜಾಲ ವಂಚನೆಯ ಪರಿಚಿತ ಬಗೆಗಳಲ್ಲೊಂದು.

ಭಾರತದಲ್ಲಿ ಬ್ಯಾಂಕುಗಳ ಮಾರಾಟ

ಸುಸ್ತಿಯಾದ ಸಾಲಕ್ಕೆ ಅಡಮಾನವಾಗಿರುವ ಮನೆ, ನಿವೇಶನ, ಕಾರ್ಖಾನೆಗಳನ್ನು ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯಡಿ, ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಮಾರಬಹುದು. ಅದೇ ವರ್ಷದ ಭದ್ರತಾ ಹಿತಾಸಕ್ತಿ (ಜಾರಿ) ನಿಯಮಗಳು ಸ್ಥಿರಾಸ್ತಿಯ ಮಾರಾಟಕ್ಕೆ ನಾಲ್ಕು ಮಾರ್ಗಗಳನ್ನು ಹೇಳುತ್ತವೆ: ಆಸಕ್ತರಿಂದ ದರಪಟ್ಟಿ ಪಡೆಯುವುದು, ಟೆಂಡರ್ ಕರೆಯುವುದು, ಇ-ಹರಾಜೂ ಸೇರಿದಂತೆ ಸಾರ್ವಜನಿಕ ಹರಾಜು ಮತ್ತು ಖಾಸಗಿ ಒಪ್ಪಂದ. ಯಾವ ಮಾರ್ಗವಾದರೂ ಅಧಿಕೃತ ಅಧಿಕಾರಿಯು ಮೊದಲು ಮಾನ್ಯತೆ ಪಡೆದ ಮೌಲ್ಯಮಾಪಕರಿಂದ ಮೌಲ್ಯ ನಿರ್ಣಯ ಮಾಡಿಸಿ ಮೀಸಲು ಬೆಲೆ ನಿಗದಿಪಡಿಸಬೇಕು. ಸಾಲಗಾರನಿಗೆ 30 ದಿನಗಳ ಸೂಚನೆ ಕಡ್ಡಾಯ. ಮೊದಲ ಯತ್ನ ವಿಫಲವಾಗಿ ಮತ್ತೆ ಮಾರಬೇಕಾದಾಗ 15 ದಿನಗಳ ಸೂಚನೆ ಸಾಕು.

ಬಂದ ಬೆಲೆ ಮೀಸಲಿಗಿಂತ ಕಡಿಮೆಯಾಗಿದ್ದರೆ ಮಾರಾಟವನ್ನು ಸ್ಥಿರೀಕರಿಸುವಂತಿಲ್ಲ. ಮೀಸಲನ್ನು ಮೀರಿದ ಬೆಲೆ ದೊರೆಯದಿದ್ದಾಗ, ಸಾಲಗಾರ ಮತ್ತು ಬ್ಯಾಂಕು ಇಬ್ಬರ ಒಪ್ಪಿಗೆಯೊಂದಿಗೆ ಮಾತ್ರ ದೊರೆತ ಬೆಲೆಗೆ ಮಾರಬಹುದೆಂದು 9ನೇ ನಿಯಮ ವಿಧಿಸುತ್ತದೆ. ಬ್ಯಾಂಕು ಮತ್ತು ಖರೀದಿದಾರ ಕುಳಿತು ಬೆಲೆ ಇಳಿಸುವಾಗ ಸಾಲಗಾರನು ಪಕ್ಕದಲ್ಲಿ ಇರುವುದಿಲ್ಲ. ಅವನ ಹಿತವನ್ನು ಕಾಯುವುದು ಈ ಒಂದು ಷರತ್ತು. ಮಾರಾಟದ ಹಣ ಸಾಲ ತೀರಿ ಮಿಕ್ಕರೆ ಅದು ಹಕ್ಕುಳ್ಳವರಿಗೆ ಸೇರುತ್ತದೆ. ಸಾಲದೆ ಹೋದರೆ ಉಳಿದ ಮೊತ್ತಕ್ಕೆ ಬ್ಯಾಂಕು ಸಾಲ ವಸೂಲಾತಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಮನೆ ಹೋದ ಮೇಲೂ ಸಾಲ ಉಳಿಯುವುದು ಹೀಗೆ.

ಜೆ. ರಾಜೀವ್ ಸುಬ್ರಮಣಿಯನ್ ಪ್ರಕರಣದಲ್ಲಿ (2014) ಸರ್ವೋಚ್ಚ ನ್ಯಾಯಾಲಯವು ಸಾಲಗಾರನ ಸಮ್ಮತಿಯಿಲ್ಲದೆ ಖಾಸಗಿ ಒಪ್ಪಂದದ ಮೂಲಕ ನಡೆದ ಮಾರಾಟವನ್ನು ಎತ್ತಿಹಿಡಿಯಲಿಲ್ಲ. 2016ರ ತಿದ್ದುಪಡಿಯ ನಂತರ 8ನೇ ನಿಯಮವು ಇಂತಹ ಮಾರಾಟದ ಷರತ್ತುಗಳನ್ನು ಬ್ಯಾಂಕು ಮತ್ತು ಉದ್ದೇಶಿತ ಖರೀದಿದಾರ ಲಿಖಿತವಾಗಿ ಗೊತ್ತುಪಡಿಸಬೇಕೆಂದು ಹೇಳುತ್ತದೆ. ಮೀಸಲಿಗಿಂತ ಕಡಿಮೆ ಬೆಲೆಗೆ ಒಪ್ಪಿಗೆ ಬೇಕೆಂಬ 9ನೇ ನಿಯಮದ ಮಾತು ಹಾಗೆಯೇ ಉಳಿದಿದೆ.

ಖರೀದಿದಾರನ ಕಡೆಯಿಂದ ನೋಡಿದರೆ, ಚೌಕಾಸಿಯ ವಸ್ತು ಬರಿಯ ಬೆಲೆಯಲ್ಲ. ಸ್ವತ್ತನ್ನು 'ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ' ಎಂಬ ಷರತ್ತಿನ ಮೇಲೆ ಮಾರಲಾಗುತ್ತದೆ. ಒಳಗೆ ಯಾರು ವಾಸವಾಗಿದ್ದಾರೆ, ಆಸ್ತಿ ತೆರಿಗೆ ಮತ್ತು ವಿದ್ಯುತ್ ಬಾಕಿ ಎಷ್ಟಿದೆ, ಋಣಭಾರ ಪ್ರಮಾಣಪತ್ರದಲ್ಲಿ ಬೇರೆ ಯಾರ ಹಕ್ಕು ನಮೂದಾಗಿದೆ ಎಂಬುವು ಬೆಲೆ ಇಳಿಸಲು ಸಿಗುವ ನಿಜವಾದ ಕಾರಣಗಳು. ಹಣ ಕಟ್ಟುವ ವೇಳೆಯೂ ಬಿಗಿಯಾದದ್ದು: ಶೇ. 25ರಷ್ಟನ್ನು ಅದೇ ದಿನ ಅಥವಾ ಮರುದಿನದ ಕೆಲಸದ ವೇಳೆಯೊಳಗೆ, ಉಳಿದದ್ದನ್ನು ಮಾರಾಟ ಸ್ಥಿರೀಕರಣವಾದ 15 ದಿನಗಳಲ್ಲಿ ಕಟ್ಟಬೇಕು. ಈ ಅವಧಿಯನ್ನು ಲಿಖಿತ ಒಪ್ಪಿಗೆಯಿಂದ ವಿಸ್ತರಿಸಬಹುದು, ಆದರೆ 3 ತಿಂಗಳನ್ನು ಮೀರುವಂತಿಲ್ಲ.

ಕಿಂಗ್‌ಫಿಷರ್ ಸ್ವತ್ತುಗಳು

ಈ ಕ್ರಮದ ಪ್ರಸಿದ್ಧ ನಿದರ್ಶನ ಗೋವಾದ ಕಾಂಡೋಲಿಮ್‌ನಲ್ಲಿದ್ದ ಕಿಂಗ್‌ಫಿಷರ್ ವಿಲ್ಲಾ. ಬೆಂಗಳೂರಿನ ಯುಬಿ ಸಮೂಹಕ್ಕೆ ಸೇರಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಅದಕ್ಕೆ ಸಾಲ ಕೊಟ್ಟಿದ್ದ, ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ನೇತೃತ್ವದ ಬ್ಯಾಂಕುಗಳ ಕೂಟವು ಭದ್ರತಾ ಸ್ವತ್ತುಗಳನ್ನು ಮಾರಲು ಹೊರಟಿತು. ವಿಲ್ಲಾದ ಮೀಸಲು ಬೆಲೆ 2016ರ ಅಕ್ಟೋಬರ್‌ನಲ್ಲಿ 85.29 ಕೋಟಿ ರೂಪಾಯಿ, ಡಿಸೆಂಬರ್‌ನಲ್ಲಿ 81 ಕೋಟಿ, 2017ರ ಮಾರ್ಚ್‌ನಲ್ಲಿ 73 ಕೋಟಿ. ಮೂರು ಬಾರಿಯೂ ಹರಾಜು ಬರಿದಾಯಿತು. ಮೂರನೆಯದಾದ ಮರುತಿಂಗಳಲ್ಲೇ ನಟ ಹಾಗೂ ಉದ್ಯಮಿ ಸಚಿನ್ ಜೋಶಿಯವರ ವೈಕಿಂಗ್ ಸಂಸ್ಥೆಯು ಖಾಸಗಿ ಒಪ್ಪಂದದ ಮೂಲಕ ವಿಲ್ಲಾವನ್ನು ಕೊಂಡಿತು. ಬೆಲೆ ಕೊನೆಯ ಮೀಸಲಾದ 73 ಕೋಟಿಗಿಂತ ತುಸುವೇ ಹೆಚ್ಚು. ಹರಾಜಿನ ದಿನ ಯಾರೂ ಕೂಗದ ಮೊತ್ತವೇ ಮಾತುಕತೆಯಲ್ಲಿ ದೊರೆತಂತಾಯಿತು.

ಮುಂಬಯಿಯ ವಿಲೆ ಪಾರ್ಲೆಯಲ್ಲಿದ್ದ, ಸಂಸ್ಥೆಯ ಕಚೇರಿಯಾಗಿದ್ದ ಕಿಂಗ್‌ಫಿಷರ್ ಹೌಸ್‌ಗೆ ಅಂತಹ ಖರೀದಿದಾರ ಸಿಗಲಿಲ್ಲ. 2016ರ ಮಾರ್ಚ್‌ನಲ್ಲಿ 150 ಕೋಟಿ ರೂಪಾಯಿ ಮೀಸಲಿನೊಂದಿಗೆ ಮೊದಲು ಹರಾಜಿಗೆ ಬಂದ ಈ ಕಟ್ಟಡವು ಮತ್ತೆ ಮತ್ತೆ ವಿಫಲ ಹರಾಜುಗಳನ್ನು ಕಂಡು, 2021ರಲ್ಲಿ ಹೈದರಾಬಾದಿನ ಸ್ಯಾಟರ್ನ್ ರಿಯಾಲ್ಟರ್ಸ್ ಸಂಸ್ಥೆಗೆ 52.25 ಕೋಟಿ ರೂಪಾಯಿಗೆ ಮಾರಾಟವಾಯಿತು.