ಪೈಥಾನ್ ಹೋಯಿತೆಲ್ಲಿ?

ಫೋರ್ಟ್ ಕೊಚ್ಚಿಯಿಂದ ಕಾಸರಗೋಡಿನ ಕನ್ನಡ ಶಾಲೆಗಳವರೆಗೆ, ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ನಡೆಯುವುದು ಮುಕ್ತ ತಂತ್ರಾಂಶವಾದ ಲಿನಕ್ಸ್. ಮನೆಯಲ್ಲೂ ಅದರದೇ ಬಗೆಯಾದ ಉಬುಂಟು ಹಾಕಿಕೊಂಡಿದ್ದೀರಾ? ಹಳೆಯ ಪುಸ್ತಕ ನೋಡಿ ಮಗಳು ಟರ್ಮಿನಲ್‌ನಲ್ಲಿ 'ಪೈಥಾನ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ, ಅಂಥ ಕಮಾಂಡ್ ಇಲ್ಲ ಎಂಬ ಉತ್ತರ ಬರಬಹುದು. ಗಾಬರಿಯಾಗಿ ಎಲ್ಲ ಅಳಿಸಿ ಮತ್ತೆ ಹಾಕಬೇಡಿ; ಪರೀಕ್ಷೆಯ ಹಿಂದಿನ ರಾತ್ರಿಯಂತೂ ಬೇಡವೇ ಬೇಡ! ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಅದೇ ವರ್ಷದ ಉಬುಂಟು 20.04ರಿಂದ ಬರಿಯ 'ಪೈಥಾನ್' ಎಂದರೆ ಓಗೊಡುವವರಿಲ್ಲ. ಜಾಗ ಬಿಡದೆ ಕೊನೆಗೊಂದು 3 ಸೇರಿಸಿ, ಓಡುತ್ತದೆ. ಈ ಸುಳಿವು ಆ ಉತ್ತರದಲ್ಲೇ ಇರುತ್ತದೆ, ನಾವು ಓದುವುದಿಲ್ಲ ಅಷ್ಟೇ. ಆಮೇಲೂ 'ಪ್ರಿಂಟ್' ಸಾಲಿನಲ್ಲಿ ತಕರಾರು ಬಂದರೆ, ಮುದ್ರಿಸಬೇಕಾದದ್ದನ್ನು ಬ್ರಾಕೆಟ್‌ನೊಳಗಿಡಿ. ಅಕ್ಷರಗಳೆಲ್ಲ ಸಣ್ಣವೇ ಇರಲಿ. ಲಿನಕ್ಸ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ.